ಹಿಂದಕ್ಕ ರೇಡಿಯಂ ಐತ್ರಿ

ಕಬ್ಬಿನ ಹಂಗಾಮು ಶುರುವಾದ ಮೇಲೆ ನಮ್ಮ ಕಡೆಯ ಟ್ರ್ಯಾಕ್ಟರನ್ನು ಮುಂದಿನಿಂದ ನೋಡಿದವರಿಗೆ ಈ ನಾಡಿನಲ್ಲಿ ಬೆಳಕಿಗೆ ಬರವೇ ಇಲ್ಲ ಅನಿಸಬೇಕು. ಬಾನೆಟ್ಟಿನ ಮೇಲೆ ಬಣ್ಣಬಣ್ಣದ ದೀಪಗಳ ಸಾಲು, ತಲೆಯ ಮೇಲೆ ಗರಗರ ತಿರುಗುವ ನೀಲಿ ದೀಪ, ನಡುವೆ ಒಂದು ಪ್ಲಾಸ್ಟಿಕ್ ನವಿಲು, ಅದರ ಹೊಟ್ಟೆಯೊಳಗೂ ಒಂದು ದೀಪ. ಎರಡು ಬದಿಗೆ ಹಾಡಿನ ಡಬ್ಬಿ. ಬಂಪರಿಗೆ ನಮ್ಮ ಇಂಡಿ ಊರಿನ ಲಿಂಬೆಕಾಯಿ, ಮೆಣಸಿನಕಾಯಿ, ಒಂದು ಹರಕು ಚಪ್ಪಲಿ. ಇಷ್ಟೆಲ್ಲ ನೋಡಿ ಕಣ್ಣು ಕುಕ್ಕಿ, ಅದು ದಾಟಿ ಹೋದ ಮೇಲೆ ತಿರುಗಿ ನೋಡಿದರೆ, ಹಿಂದಿನ ಟ್ರೇಲರಿಗೆ ಮಿಣುಕು ಹುಳದಷ್ಟೂ ಬೆಳಕಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ಹುಟ್ಟಿಸಿದವರು ನಮ್ಮ ರಸ್ತೆಯ ಬದಿಗೇ ಎಲ್ಲೋ ನಿಂತಿರಬೇಕು.

ಹಿಂದೆ ಯಾಕೆ ದೀಪ ಇಲ್ಲ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಹಿಂದಕ್ಕ ರೇಡಿಯಂ ಐತ್ರಿ."

ಈ ರೇಡಿಯಂ ಅನ್ನುವುದೇನು ಎಂದು ಹೇಳಿಬಿಡುತ್ತೇನೆ. ಬಹಳ ಹಿಂದೆ ಯಾವಾಗಲೋ, ಬೆಳಕು ಬಿದ್ದರೆ ಹೊಳೆಯುವ ಅಂಟುಹಾಳೆ ನಮ್ಮ ಕಡೆಗೆ ಬಂತು. ಅದಕ್ಕೆ ಯಾರೋ ರೇಡಿಯಂ ಎಂದರು. ಹೊಳೆಯುವ ಹಾಳೆಯ ಜಾಗಕ್ಕೆ ಹೊಳೆಯದ ಅಗ್ಗದ ಹಾಳೆಗಳು ಬಂದವು, ಹೆಸರು ಮಾತ್ರ ಹಾಗೇ ಉಳಿಯಿತು. ಈಗ ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಯಾವ ಊರಿಗೆ ಹೋದರೂ ಒಂದು ರೇಡಿಯಂ ಅಂಗಡಿ ಇದೆ. ಅಲ್ಲಿ ಗಾಡಿಗೆ ಅಂಟಿಸುವುದೆಲ್ಲ ರೇಡಿಯಂ. ದೇವರ ಚಿತ್ರ ರೇಡಿಯಂ, ಪುಢಾರಿಯ ಮೀಸೆ ರೇಡಿಯಂ, 'ತಂದೆ ತಾಯಿ ಆಶೀರ್ವಾದ' ರೇಡಿಯಂ. ಹೊಳೆಯುತ್ತದೋ ಇಲ್ಲವೋ ಎಂದು ಯಾರೂ ಬೆಳಕು ಹಿಡಿದು ನೋಡುವುದಿಲ್ಲ. ಹೆಸರೇ ಹೊಳೆಯುವಾಗ ಹಾಳೆ ಯಾಕೆ ಹೊಳೆಯಬೇಕು?

ನಾನು ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಒಯ್ದು ಮಾರುತ್ತಿದ್ದ. ಅವನ ಸೈಕಲ್ಲಿಗೆ ಡೈನಮೋ ದೀಪವಿತ್ತು. ಸಂತೆ ಮುಗಿಸಿ ಬರುವಾಗ ಹೊತ್ತು ಮುಳುಗಿ ಮಗ್ರಿಬಿನ ಬಾಂಗು ಆಗಿರುತ್ತಿತ್ತು. ನಾವು ಅಕ್ಕತಂಗಿಯರು ಬಾಗಿಲಲ್ಲಿ ನಿಂತು, ಓಣಿಯ ತುದಿಯಲ್ಲಿ ಏರುತ್ತ ಇಳಿಯುತ್ತ ಬರುವ ಆ ಹಳದಿ ಬೆಳಕಿಗೆ ಕಾಯುತ್ತಿದ್ದೆವು. ಅದು ಕಂಡ ಕೂಡಲೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಸಂಜೆ ದೀಪ ಹತ್ತಿದರೆ ಸಲಾಮು ಹೇಳುವ ರೂಢಿ, ಪಕ್ಕದ ಮನೆಯಲ್ಲಿ ಕೈ ಮುಗಿಯುವ ರೂಢಿ. ಅಪ್ಪ ಡೈನಮೋ ಗಾಲಿಗೆ ತಾಗಿಸಿದಾಗಲೂ ಬಾಯಲ್ಲಿ ಸಲಾಮು ಹೇಳುತ್ತಿದ್ದನಂತೆ. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ಗಾಜು ಇತ್ತು, ಅದನ್ನು ದಿನಾ ಬಟ್ಟೆಯಿಂದ ಒರೆಸುತ್ತಿದ್ದ. ನನಗೆ ಸೈಕಲ್ ಕಲಿಸುವಾಗ ಅವನು ಹೇಳಿದ್ದು ಒಂದೇ ಮಾತು. "ದೀಪ ನಾವು ನೋಡಾಕ ಅಲ್ಲವಾ. ಮಂದಿಗೆ ನಾವು ಕಾಣ್ಲಿ ಅಂತ."

ಈ ಮಾತು ನನ್ನ ತಲೆಯಲ್ಲಿ ಕೂತಿದ್ದಕ್ಕೇ ನನಗೆ ಇಷ್ಟು ಸಿಟ್ಟು. ಗೊತ್ತಿಲ್ಲದವರಿಗೆ ಸಿಟ್ಟೇ ಬರುವುದಿಲ್ಲ, ಅವರು ಸುಖಿಗಳು.

ಓದು ಮುಗಿಸಿ ಹೂವಿನ ಹಿಪ್ಪರಗಿಯಲ್ಲಿ ಮೊದಲ ನೌಕರಿ ಮಾಡಿದೆ, ಮದುವೆಯಾಗಿ ಇಂಡಿಗೆ ಬಂದೆ. ಈಗ ಸಾಲೋಟಗಿ ರಸ್ತೆಯ ಮೇಲಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬೆಳಗಿನ ಬಸ್ಸು ಬರುತ್ತದೆ, ಸಂಜೆಯದು ಬಂದರೆ ಬಂತು. ಸ್ಕೂಟಿ ನನಗೆ ಒಗ್ಗಲಿಲ್ಲ. ಸೈಕಲ್ಲೇ ಸಾಕು ಎಂದೆ. ಗಂಡ ಬೇಡ ಎಂದು ಹೇಳಲಿಲ್ಲ, ಹೇಳಿ ಉಪಯೋಗವಿಲ್ಲ ಎಂಬುದು ಅವರಿಗೆ ಬೇಗ ತಿಳಿದಿತ್ತು. ಚಳಿಗಾಲಕ್ಕೆ ಹತ್ತನೇ ತರಗತಿಯವರಿಗೆ ಸ್ಪೆಷಲ್ ಕ್ಲಾಸು. ಅದು ಬಿಡುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಆ ಹೊತ್ತಿಗೇ ಕಬ್ಬಿನ ಗಾಡಿಗಳು ಕಾರ್ಖಾನೆಗೆ ಹೋಗಿ ಬರುವುದೂ ಜೋರು. ಅದಕ್ಕೇ ವಿಜಯಪುರಕ್ಕೆ ಹೋದಾಗ ಸೈಕಲ್ಲಿಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಕಿಸಿಕೊಂಡು ಬಂದೆ. ಕೆಂಪಿನದು ಮಿಂಚಿ ಮಿಂಚಿ ಆರುತ್ತಿತ್ತು.

ಊರಿಗೆ ಊರೇ ನಕ್ಕಿತು. ಶಾಲೆಯಲ್ಲಿ ಒಬ್ಬರು ಆಂಬುಲೆನ್ಸ್ ಬಂತು ಎಂದರು. ಚಹದಂಗಡಿಯವನು ಅಕ್ಕೋರಿಗೆ ಡಿಸಿ ಹುದ್ದೆ ಬಂದಿದೆ ಎಂದು ಗಿರಾಕಿಗಳಿಗೆ ಹೇಳಿದ. ಇದೇ ಜನ ಟ್ರ್ಯಾಕ್ಟರಿನ ನವಿಲಿನ ಹೊಟ್ಟೆಯಲ್ಲಿ ದೀಪ ಉರಿದರೆ ನಿಂತು ನೋಡಿ ಭೇಷ್ ಅನ್ನುತ್ತಾರೆ. ಚೆಂದಕ್ಕೆ ಉರಿಯುವ ದೀಪಕ್ಕೆ ಮರ್ಯಾದೆ, ಕೆಲಸಕ್ಕೆ ಉರಿಯುವ ದೀಪಕ್ಕೆ ನಗೆ.

ಮೊದಲ ಕೆಂಪು ದೀಪ ಇಂಡಿಯ ಸಂತೆಯಲ್ಲಿ ಕಳವಾಯಿತು. ಬದನೆಕಾಯಿ ಆರಿಸುವಷ್ಟರಲ್ಲಿ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಎರಡನೆಯದನ್ನು ದಸರೆಯ ಖಂಡೆ ಪೂಜೆಯಲ್ಲಿ ನಮ್ಮ ಶಾಲೆಯವರೇ ಕುರುಡು ಮಾಡಿದರು. ಆ ದಿನ ಎಲ್ಲರ ಗಾಡಿಗಳನ್ನೂ ತೊಳೆದು ಸಾಲಾಗಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ನನ್ನ ಸೈಕಲ್ಲನ್ನೂ ಪ್ರೀತಿಯಿಂದ ಸಾಲಿಗೆ ತಂದರು. ಪ್ರೀತಿಯಿಂದಲೇ ಮುಂದಿನ ದೀಪದ ಗಾಜಿಗೆ ಮೂರು ಬೆರಳು ವಿಭೂತಿ ಬಳಿದು, ಹಿಂದಿನ ದೀಪಕ್ಕೆ ಕುಂಕುಮ ಹಚ್ಚಿ, ಮೇಲೆ ಒಂದು ಚೆಂಡುಹೂವಿನ ಮಾಲೆ ಇಳಿಬಿಟ್ಟರು. ಸಂಜೆ ಹೊರಟರೆ ನನ್ನ ಮುಂದೆ ಬೂದಿ ಬಣ್ಣದ ಮಬ್ಬು, ಹಿಂದೆ ಏನೂ ಇಲ್ಲ. ಇಳಿದು ಸೆರಗಿನಿಂದ ಒರೆಸುತ್ತಿದ್ದಾಗ ಹಾದು ಹೋದ ಸಹೋದ್ಯೋಗಿಯೊಬ್ಬರು ಒರೆಸಬೇಡಿರಿ, ಅಪಶಕುನ ಎಂದು ಬೈಕು ನಿಲ್ಲಿಸದೆಯೇ ಬುದ್ಧಿ ಹೇಳಿದರು. ಅವರ ಬೈಕಿನ ದೀಪವೂ ಮಬ್ಬಾಗಿಯೇ ಇತ್ತು.

ಆ ವರ್ಷ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವರ ಮನೆ ಊರಲ್ಲಿಲ್ಲ, ಹೊಲದಲ್ಲಿ. ಶಾಲೆಯಿಂದ ಇಂಡಿಗೆ ಬರುವ ದಾರಿಯ ನಡುವೆ ಲಿಂಬೆ ತೋಟ ದಾಟಿದ ಮೇಲೆ ಎಡಕ್ಕೆ ಒಂದು ಮಣ್ಣುದಾರಿ ಒಡೆಯುತ್ತದೆ, ಅದರ ತುದಿಗೆ ಅವರ ವಸ್ತಿ. ಅಕ್ಕನಿಗೆ ಹಿಂದೆ ಸರಕಾರ ಕೊಟ್ಟ ಸೈಕಲ್ಲನ್ನು ಇವಳು ತುಳಿಯುತ್ತಿದ್ದಳು. ಲೆಕ್ಕದಲ್ಲಿ ಸೋಲುತ್ತಿದ್ದಳು, ಕನ್ನಡದಲ್ಲಿ ಗೆಲ್ಲುತ್ತಿದ್ದಳು. ಸ್ಪೆಷಲ್ ಕ್ಲಾಸಿನ ಲೆಕ್ಕದ ಪಾಠ ತಪ್ಪಿದರೆ ಅವಳು ಪಾಸಾಗುವುದು ಕಷ್ಟ, ಪಾಸಾಗದಿದ್ದರೆ ಮುಂದಿನ ಕಾರ್ತೀಕದೊಳಗೆ ಅವಳ ಮದುವೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕನದು ಹಾಗೇ ಆಗಿತ್ತು.

ಸಂಜೆ ಇಬ್ಬರೂ ಕೂಡಿ ಹೊರಡುತ್ತಿದ್ದೆವು. ಅವಳ ಸೈಕಲ್ಲಿಗೆ ದೀಪ ಇರಲಿಲ್ಲ. ನಾನೇ ಒಂದು ಹಾಕಿಸುತ್ತೇನೆ ಎಂದು ಅವಳ ಅಪ್ಪನಿಗೆ ಹೇಳಿ ಕಳಿಸಿದೆ. ಅವನು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಮಾಲೀಕ, ತಾನೇ ಓಡಿಸುತ್ತಾನೆ. ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಮಗಳ ಮೇಲೆ ಕೈ ಎತ್ತಿದವನಲ್ಲ. ಮಾರನೆಯ ದಿನ ಶಾಲೆಯ ಗೇಟಿನ ಹತ್ತಿರ ನಿಂತು ಬಹಳ ಮರ್ಯಾದೆಯಿಂದ ಹೇಳಿದ. "ಬ್ಯಾಡ್ರಿ ಅಕ್ಕೋರ. ಲೈಟ್ ಹಚ್ಚಿದ್ರ ಮಂದಿ ನೋಡ್ತಾರ. ಹೆಣ್ಣುಹುಡುಗಿ ಹೊಂಟಾಳಂತ ಊರಿಗೆಲ್ಲ ಯಾಕ ತೋರಿಸೂದು?"

ನಾನು ಅವನ ಮುಖವನ್ನೇ ನೋಡಿದೆ. ಕಾಣಲಿ ಎಂದು ದೀಪ ಹಚ್ಚುತ್ತಾರೆ ಎಂದು ನನ್ನಪ್ಪ ಕಲಿಸಿದ್ದ. ಕಾಣುತ್ತಾಳೆ ಎಂದು ದೀಪ ಬೇಡ ಎನ್ನುವ ಅಪ್ಪನನ್ನು ಈಗ ನೋಡಿದೆ. ಅವನ ಹಿಂದೆ ಅವನ ಟ್ರ್ಯಾಕ್ಟರು ನಿಂತಿತ್ತು, ಹಗಲು ಹೊತ್ತಿನಲ್ಲೂ ನವಿಲಿನ ಹೊಟ್ಟೆ ಉರಿಯುತ್ತಿತ್ತು.

ಹುಡುಗಿಯನ್ನು ಮುಂದೆ ಬಿಟ್ಟರೆ ಗುಂಡಿಗೆ ಬೀಳುತ್ತಿದ್ದಳು, ಹಿಂದೆ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಕೊನೆಗೆ ಒಂದು ಸಣ್ಣ ಕೆಂಪು ದೀಪ ಕೊಂಡು ಅವಳ ಪಾಟಿಚೀಲಕ್ಕೆ ಸಿಕ್ಕಿಸಿದೆ. ನಾನು ಮುಂದೆ, ಅವಳು ನನ್ನ ಹಿಂದಿನ ದೀಪ ನೋಡಿಕೊಂಡು ಹಿಂದೆ. ಮಣ್ಣುದಾರಿ ಬಂದಾಗ ಚೀಲದ ದೀಪ ಕಿತ್ತು ನನ್ನ ಕೈಗೆ ಕೊಟ್ಟು ಕತ್ತಲಲ್ಲಿ ಮನೆಗೆ ಹೋಗುತ್ತಿದ್ದಳು. ಕದ್ದ ಮಾಲು ಕೊಡುವ ಹಾಗೆ ಕೊಡುತ್ತಿದ್ದಳು. ನನಗೆ ಅಸಹ್ಯವಾಗುತ್ತಿತ್ತು, ಅವಳ ಮೇಲಲ್ಲ.

ಆ ಸಂಜೆ ಲಿಂಬೆ ತೋಟ ದಾಟಿದ್ದೆವು. ಎದುರಿನಿಂದ ಕಬ್ಬು ತುಂಬಿದ ಒಂದು ಟ್ರ್ಯಾಕ್ಟರು ಕಾರ್ಖಾನೆ ಕಡೆಗೆ ಬರುತ್ತಿತ್ತು. ಮುಂದಿನ ದೀಪಗಳನ್ನೆಲ್ಲ ಹಚ್ಚಿಕೊಂಡಿತ್ತು. ನನಗೆ ರಸ್ತೆ ಹೋಯಿತು, ಬದಿಯ ಜಾಲಿಗಿಡ ಹೋಯಿತು, ನನ್ನ ಸೈಕಲ್ಲಿನ ಹ್ಯಾಂಡಲ್ಲೂ ಕಾಣದಾಯಿತು. ಎಡಕ್ಕೆ ಸರಿದೆ. ಆ ಬೆಳಕು ದಾಟಿ ಹೋಯಿತು, ಕಣ್ಣು ಇನ್ನೂ ಕತ್ತಲಿಗೆ ಹೊಂದಿರಲಿಲ್ಲ, ಅಷ್ಟರಲ್ಲಿ ನನ್ನ ಮುಂದೆ ಒಂದು ಕಬ್ಬಿಣದ ಗೋಡೆ ಇತ್ತು. ಬ್ರೇಕು ಹಿಡಿದದ್ದು ನೆನಪಿದೆ. ಮುಂದಿನ ಗಾಲಿ ಕಬ್ಬಿಣಕ್ಕೆ ಬಡಿದ ಸಪ್ಪಳ ನೆನಪಿದೆ. ಆಮೇಲೆ ನಾನು ಡಾಂಬರಿನ ಮೇಲೆ ಕೂತಿದ್ದೆ, ಎಡಗೈ ಮಣಿಕಟ್ಟು ನನ್ನದಲ್ಲ ಎಂಬಂತೆ ಜೋತುಬಿದ್ದಿತ್ತು.

ಹುಡುಗಿ ನನ್ನ ಹಿಂದೆ ಸರಿಯಾಗಿ ನಿಂತಿದ್ದಳು. ಸೈಕಲ್ಲು ಕೆಡವಿ ಓಡಿ ಬಂದು ನನ್ನ ತಲೆ ಮುಟ್ಟಿ ನೋಡಿದಳು. ನಿನಗೇನೂ ಆಗಲಿಲ್ಲವಲ್ಲ ಎಂದೆ.

"ನಿಮ್ಮ ಕೆಂಪು ಲೈಟ್ ಕೆಳಗ ಬಿದ್ದದ್ದು ಕಂಡಿತ್ರಿ," ಎಂದಳು. "ಅದಕ್ಕ ಬ್ರೇಕ್ ಹಿಡದ್ನಿ."

ಸೈಕಲ್ಲು ಡೊಂಕಾಗಿ ಬಿದ್ದಿತ್ತು. ಮುಂದಿನ ದೀಪ ಇನ್ನೂ ಉರಿಯುತ್ತಿತ್ತು, ಅದರ ಬೆಳಕು ನಿಂತಿದ್ದ ಟ್ರೇಲರಿನ ಹಿಂಬದಿಗೆ ನೇರವಾಗಿ ಬಿದ್ದಿತ್ತು. ಕಬ್ಬಿಳಿಸಿ ಖಾಲಿಯಾಗಿ ಬಂದ ಟ್ರೇಲರು, ರಸ್ತೆಯ ಬದಿಗೆ ಅರ್ಧ, ರಸ್ತೆಯ ಮೇಲೆ ಅರ್ಧ. ಹಿಂಬದಿಯ ತುಂಬ ದೊಡ್ಡ ಅಕ್ಷರಗಳನ್ನು ಅಂಟಿಸಿದ್ದರು. ಅಷ್ಟು ಹತ್ತಿರದಿಂದ ಬೆಳಕು ಬಿದ್ದರೂ ಅಕ್ಷರ ಹೊಳೆಯುತ್ತಿರಲಿಲ್ಲ, ಒಣಗಿದ ರಕ್ತದ ಹಾಗೆ ಕಪ್ಪಗಿದ್ದವು. ನಾನು ಕನ್ನಡ ಅಕ್ಕೋರು, ನೋವಿನಲ್ಲೂ ಓದದೆ ಬಿಡಲಾಗಲಿಲ್ಲ. 'ಅಪ್ಪನ ಮುದ್ದಿನ ಮಗಳು' ಎಂದು ಬರೆದಿತ್ತು. 'ಮುದ್ದಿನ' ಎಂಬಲ್ಲಿ ದ ಒತ್ತು ತಪ್ಪಾಗಿತ್ತು.

ಹುಡುಗಿಯೂ ಅದನ್ನೇ ನೋಡುತ್ತಿದ್ದಳು. ಇದು ನಮ್ಮ ಗಾಡಿ ಅದ್ರಿ ಎಂದು ಬಹಳ ಮೆಲ್ಲಗೆ ಹೇಳಿದಳು.

ಅವಳ ಅಪ್ಪ ರಸ್ತೆಯ ಆಚೆಯ ಚಹದಂಗಡಿಯಿಂದ ಓಡಿ ಬಂದ. ನಿಜವಾಗಿ ಗಾಬರಿಯಾಗಿದ್ದ. ನನ್ನನ್ನು ಕೂಸಿನ ಹಾಗೆ ಎತ್ತಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂಡಿಸಿದ, ಹೆಗಲ ಮೇಲಿನ ಟವೆಲಿನಿಂದ ಕೈ ಕಟ್ಟಿದ, ಮಗಳನ್ನು ಮನೆಗೆ ಕಳಿಸಿ, ಟ್ರೇಲರು ಕಳಚಿಟ್ಟು ಇಂಡಿಯ ದವಾಖಾನೆಗೆ ಹೊಡೆದುಕೊಂಡು ಹೋದ. ದಾರಿಯುದ್ದಕ್ಕೂ ಎದುರು ಬಂದು ಕಣ್ಣು ಕುಕ್ಕಿದವನನ್ನು ಬೈದ. ಕೀಲಿ ತಿರುವಿದ ಕೂಡಲೇ ಹಾಡೂ ಶುರುವಾಗಿತ್ತು. ಅದನ್ನು ನಿಲ್ಲಿಸಲು ಗಾಬರಿಯಲ್ಲಿ ಮರೆತಿದ್ದ. ಮುರಿದ ಕೈ ಹಿಡಿದುಕೊಂಡು, ನವಿಲಿನ ಬೆಳಕಿನಲ್ಲಿ, ಹಾಡು ಕೇಳುತ್ತ ನಾನು ಇಂಡಿಯ ಬಜಾರದಲ್ಲಿ ಮೆರವಣಿಗೆ ಹೋದೆ. ಅಂಗಡಿಯವರು ಎದ್ದು ನಿಂತು ನೋಡಿದರು. ಕಳಚಿಟ್ಟ ಟ್ರೇಲರು ಅಲ್ಲೇ ರಸ್ತೆಯ ಮೇಲೆ ಕತ್ತಲಲ್ಲಿ ನಿಂತಿತ್ತು ಎಂಬುದು ನನಗೆ ಪ್ಲಾಸ್ಟರು ಹಾಕುವಾಗ ಹೊಳೆಯಿತು.

ಕೈಗೆ ಪ್ಲಾಸ್ಟರು ಬಿದ್ದು ಮನೆಯಲ್ಲಿ ಕೂತೆ. ನೋಡಲು ಬಂದವರೆಲ್ಲ ಬುದ್ಧಿ ಹೇಳಿದರು. ಅಷ್ಟು ದೀಪ ಹಾಕಿಕೊಂಡಿದ್ದರೂ ಹೀಗಾಯಿತಲ್ಲ ಎಂದು ಕೆಲವರಿಗೆ ಒಳಗೊಳಗೇ ಸಂತೋಷ. ಸಿಂದಗಿಯಿಂದ ಬಂದ ತಂಗಿ ದೃಷ್ಟಿ ತೆಗೆದಳು. ಸೈಕಲ್ಲು ಬಿಡು ಎಂದು ಎಲ್ಲರೂ ಹೇಳಿದರು, ಟ್ರೇಲರಿಗೆ ದೀಪ ಹಾಕಬೇಕಿತ್ತು ಎಂದು ಒಬ್ಬರೂ ಹೇಳಲಿಲ್ಲ. ಮಳೆ ಬೀಳುವ ಹಾಗೆ, ಬಿಸಿಲು ಬೀಳುವ ಹಾಗೆ, ನಮ್ಮ ರಸ್ತೆಯ ಮೇಲೆ ಕಪ್ಪು ಟ್ರೇಲರು ನಿಂತಿರುತ್ತದೆ. ಅದಕ್ಕೆ ಯಾರೂ ಕಾರಣರಲ್ಲ.

ಹುಡುಗಿಯ ಅಪ್ಪನೂ ಬಂದ, ಒಂದು ಚೀಲ ಲಿಂಬೆಕಾಯಿ ಹೊತ್ತುಕೊಂಡು. ಚಹ ಕುಡಿದ, ಕೈ ನೋಡಿದ, ತುಟಿ ಲೊಚಗುಟ್ಟಿದ. ಆಮೇಲೆ ನೆಲ ನೋಡುತ್ತ ಬಂದ ಕೆಲಸ ಹೇಳಿದ. ಮಗಳನ್ನು ಇನ್ನು ಸಂಜೆ ಕ್ಲಾಸಿಗೆ ಕಳಿಸುವುದಿಲ್ಲವಂತೆ. ಪರೀಕ್ಷೆಯ ಮಾತು ಹೇಳಿದೆ, ಲೆಕ್ಕದ ಮಾತು ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದ. ಯಾಕೆ ಕಳಿಸುವುದಿಲ್ಲ ಎಂದು ಕೊನೆಗೆ ಕೇಳಿದೆ.

"ರಸ್ತಾ ಸುಮಾರ ಐತ್ರಿ ಅಕ್ಕೋರ," ಎಂದ. "ಕಬ್ಬಿನ ಗಾಡಿ ಭಾಳ ಅದಾವ. ಒಂದಕ್ಕರ ಹಿಂದ ಲೈಟ್ ಇರಂಗಿಲ್ರಿ."

ಇದನ್ನು ಅವನು ನಗದೆ ಹೇಳಿದ. ನನ್ನ ಕೈ ಮುರಿದ ಟ್ರೇಲರಿನ ಮಾಲೀಕ ನನ್ನ ಮನೆಯಲ್ಲಿ ಕೂತು, ನನ್ನ ಚಹ ಕುಡಿದು, ಕಬ್ಬಿನ ಗಾಡಿಗಳಿಗೆ ಹಿಂದೆ ದೀಪ ಇರುವುದಿಲ್ಲ ಎಂದು ನನಗೆ ತಿಳಿಸಿಕೊಟ್ಟ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅಲ್ಲಿ ಬದನೆಕಾಯಿ ತಿನ್ನುವವನಿಗೆ ಅದು ಬದನೆಕಾಯಿ ಎಂದಾದರೂ ಗೊತ್ತಿರುತ್ತದೆ. ಇವನಿಗೆ ಅದೂ ಇಲ್ಲ. ನಿನ್ನ ಗಾಡಿಗೆ ಇದೆಯೇ ಎಂದು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು.

"ನಂದಕ್ಕ ಹಿಂದಕ್ಕ ರೇಡಿಯಂ ಐತ್ರಿ."

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ. ನಮ್ಮಲ್ಲಿ ಕೊಯ್ಯುವುದು ಯಾವಾಗಲೂ ಹುಡುಗಿಯರ ಮೂಗನ್ನೇ. ರಸ್ತೆಯಲ್ಲಿ ಕತ್ತಲಾದರೆ ಹುಡುಗಿಯನ್ನು ಒಳಗೆ ಕೂಡಿಸು, ಬಸ್ಸಿನಲ್ಲಿ ಗದ್ದಲವಾದರೆ ಹುಡುಗಿಯನ್ನು ಒಳಗೆ ಕೂಡಿಸು. ಅವನು ಹೋದ ಮೇಲೆ ಲಿಂಬೆಕಾಯಿಯ ಚೀಲವನ್ನು ಕಾಲಿನಿಂದ ಬಾಗಿಲ ಹಿಂದೆ ನೂಕಿದೆ. ಗಂಡ ಅದರಿಂದ ಉಪ್ಪಿನಕಾಯಿ ಹಾಕಿಸಿದರು. ನಾನು ಇವತ್ತಿಗೂ ಅದನ್ನು ಮುಟ್ಟಿಲ್ಲ.

ಸುಮ್ಮನಿರಲಾಗಲಿಲ್ಲ. ಒಂದು ಸಂಜೆ ಗಂಡನ ಬೈಕಿನ ಹಿಂದೆ ಕೂತು ಅವರ ವಸ್ತಿಗೆ ಹೋದೆ. ಡೊಂಕಾದ ಸೈಕಲ್ಲಿನಿಂದ ಬಿಚ್ಚಿದ ಎರಡೂ ದೀಪಗಳು ನನ್ನ ಬಟ್ಟೆಯ ಪಿಶವಿಯಲ್ಲಿದ್ದವು. ಟ್ರೇಲರು ಅಂಗಳದಲ್ಲಿ ನಿಂತಿತ್ತು. ಕತ್ತಲಾಗುವವರೆಗೆ ಕೂತು, ಅವನನ್ನು ಕರೆದು ಟ್ರೇಲರಿನ ಹಿಂದೆ ನಿಲ್ಲಿಸಿ, ಬಿಳಿ ದೀಪ ಹಚ್ಚಿದೆ. ಕಟ್ಟೆಯ ಮೇಲೆ ಕೂತಿದ್ದ ಅವನ ಮುದುಕಿ ತಾಯಿ, ದೀಪ ಹತ್ತಿದ್ದು ಕಂಡು ಅಭ್ಯಾಸದಂತೆ ಅದಕ್ಕೆ ಕೈ ಮುಗಿದಳು. ನನ್ನ ಬಾಯಲ್ಲಿಯೂ ಸಲಾಮು ಬಂದಿತ್ತು. ಕೈ ಮುಗಿಯಲು, ಸಲಾಮು ಹೇಳಲು ನಾವೆಲ್ಲ ತಯಾರು. ಹಿಂದೆ ಒಂದು ಹಚ್ಚಿಡು ಎಂದರೆ ಮಾತ್ರ ಯಾರೂ ಇಲ್ಲ.

ಬೆಳಕನ್ನು 'ಅಪ್ಪನ ಮುದ್ದಿನ ಮಗಳು' ಮೇಲೆ ಹಿಡಿದೆ. ಹೊಳೆಯಲಿಲ್ಲ. ಹತ್ತಿರ ಹೋಗಿ ಹಿಡಿದೆ, ದೂರ ಹೋಗಿ ಹಿಡಿದೆ, ಹೊಳೆಯಲಿಲ್ಲ. ಆಮೇಲೆ ಅದೇ ಬೆಳಕನ್ನು ಗಂಡನ ಬೈಕಿನ ಹಿಂದಿನ ಕೆಂಪು ಪಟ್ಟಿಗೆ ತಿರುಗಿಸಿದೆ. ಅದು ಬೆಂಕಿ ಹತ್ತಿದಂತೆ ಹೊಳೆಯಿತು. ಅವನು ಟ್ರೇಲರಿಗೆ ಬಾಗಿದ. ಬೆರಳಿನಿಂದ ಅಕ್ಷರದ ಅಂಚು ಎಬ್ಬಿಸಿ ನೋಡಿದ.

"ರೇಡಿಯಂ ಅಂದ ಕೊಟ್ಟಾನ್ರಿ ಸಿಂದಗ್ಯಾಗ," ಎಂದ. ಮೋಸ ಹೋದವನ ದನಿ. ನನ್ನ ಕೈಗಿಂತ ಅವನಿಗೆ ಅದು ಹೆಚ್ಚು ನೋವು ಕೊಟ್ಟಿತು.

ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಕೆಂಪು ದೀಪವನ್ನು ಅವನ ಕೈಗೆ ಕೊಟ್ಟೆ. ಹಿಂದೆ ಬೋಲ್ಟು ಹಾಕುವ ತೂತಿದೆ, ಟ್ರೇಲರಿನ ಬಲ ಮೂಲೆಗೆ ಬಿಗಿ, ಹುಡುಗಿಯನ್ನು ಕ್ಲಾಸಿಗೆ ಕಳಿಸು ಎಂದೆ. ನನ್ನ ಕೈಯ ಪ್ಲಾಸ್ಟರು ನೋಡಿದ, ದೀಪ ನೋಡಿದ, ತನ್ನ ತಾಯಿಯನ್ನು ನೋಡಿದ. ಹೂಂ ಎಂದ. ಕಳಿಸುತ್ತೇನೆ, ದೀಪಾನೂ ಹಚ್ಚುತ್ತೇನೆ, ನೀವು ಚಿಂತಿ ಮಾಡಬೇಡ್ರಿ ಎಂದ. ಬರುವಾಗ ಗಂಡ ನನ್ನನ್ನು ಹೊಗಳಿದರು. ನಾನೂ ನಂಬಿದೆ.

ಅವನು ಮಾತು ಉಳಿಸಿಕೊಂಡ. ಮಾರನೆಯ ವಾರದಿಂದ ಹುಡುಗಿ ಸಂಜೆ ಕ್ಲಾಸಿಗೆ ಕೂರುತ್ತಿದ್ದಾಳೆ ಎಂದು ಲೆಕ್ಕದ ಮಾಸ್ತರು ಫೋನಿನಲ್ಲಿ ಹೇಳಿದರು. ಅಪ್ಪ ಕಾರ್ಖಾನೆಯಿಂದ ಖಾಲಿ ಗಾಡಿ ತರುವಾಗ ಶಾಲೆಯ ಮುಂದೆ ನಿಲ್ಲಿಸಿ ಕರೆದುಕೊಂಡು ಹೋಗುತ್ತಾನಂತೆ. ರಜೆ ಮುಗಿದ ಮೇಲೆ ನಾನು ಕೆಲವು ದಿನ ಬಸ್ಸಿನಲ್ಲಿ ಹೋಗಿ, ಸಂಜೆ ಕ್ಲಾಸಿಗೆ ನಿಲ್ಲದೆ ಬೇಗ ಬರುತ್ತಿದ್ದೆ. ತರಗತಿಯಲ್ಲಿ ಅವಳನ್ನು ನೋಡಿದೆ. ಲೆಕ್ಕ ಹೇಗಿದೆ ಎಂದರೆ ಬರಾಕತ್ತೈತ್ರಿ ಎಂದಳು. ದೀಪ ಹೇಗಿದೆ ಎಂದರೆ ಚಲೋ ಐತ್ರಿ ಎಂದಳು. ಗುಳ್ಳೆ ಎದ್ದ ಅಂಗೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು. ನಾನು ಅದನ್ನು ಗಮನಿಸಿದೆ, ಅರ್ಥ ಕೇಳಲಿಲ್ಲ.

ಪ್ಲಾಸ್ಟರು ಬಿಚ್ಚಿತು, ಸೈಕಲ್ಲು ರಿಪೇರಿಯಾಯಿತು, ಹೊಸ ಕೆಂಪು ದೀಪವೂ ಬಂತು. ಹಂಗಾಮು ಇನ್ನೂ ಮುಗಿದಿರಲಿಲ್ಲ. ಮತ್ತೆ ಸ್ಪೆಷಲ್ ಕ್ಲಾಸು ಮುಗಿಸಿ ಸೈಕಲ್ಲು ಹತ್ತಿದ ಮೊದಲ ಸಂಜೆ, ಮಣಿಕಟ್ಟು ಗುಂಡಿಗುಂಡಿಗೂ ನೋಯುತ್ತಿತ್ತು. ಚಳಿ ಇತ್ತು. ಹುಡುಗಿ ನನಗಿಂತ ಮೊದಲೇ ಹೋಗಿದ್ದಳು. ಲಿಂಬೆ ತೋಟದ ತಿರುವು ದಾಟಿದಾಗ ಮುಂದೆ ದೂರದಲ್ಲಿ ಒಂದು ಕೆಂಪು ಬೆಳಕು ಮಿಂಚಿ ಮಿಂಚಿ ಆರುವುದು ಕಂಡಿತು. ನನ್ನ ದೀಪ. ಆ ರಸ್ತೆಯ ಮೇಲೆ ಒಂದು ಕಬ್ಬಿನ ಗಾಡಿಯ ಹಿಂದೆ ದೀಪ ಉರಿದದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಮುದ್ದೇಬಿಹಾಳದ ಬಾಗಿಲಲ್ಲಿ ನಿಂತ ಹುಡುಗಿಯಷ್ಟು ಖುಷಿಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಜೋರಾಗಿ ತುಳಿದೆ.

ಹತ್ತಿರ ಹೋದಂತೆ ದೀಪ ಒಂದೇ ಕಡೆ ನಿಂತಿಲ್ಲ ಎಂದು ತಿಳಿಯಿತು. ಸ್ವಲ್ಪ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಬೋಲ್ಟು ಸಡಿಲಾಗಿರಬೇಕು ಅಂದುಕೊಂಡೆ. ಇನ್ನೂ ಹತ್ತಿರ ಹೋದಾಗ ನನ್ನ ಮುಂದಿನ ದೀಪದ ಬೆಳಕು ಟ್ರೇಲರಿನ ಹಿಂಬದಿಗೆ ಬಿತ್ತು.

ಖಾಲಿ ಟ್ರೇಲರಿನ ತುದಿಯಲ್ಲಿ ಹುಡುಗಿ ನಿಂತಿದ್ದಳು. ಪಕ್ಕದಲ್ಲಿ ಅವಳ ಸೈಕಲ್ಲು ಮಲಗಿಸಿತ್ತು. ಒಂದು ಕೈಯಿಂದ ಕಬ್ಬಿಣದ ಸರಳು ಹಿಡಿದುಕೊಂಡು, ಇನ್ನೊಂದು ಕೈಯನ್ನು ಹೊರಗೆ ಚಾಚಿ, ಕೆಂಪು ದೀಪ ಹಿಡಿದಿದ್ದಳು. ಟ್ರೇಲರು ಗುಂಡಿಗೆ ಇಳಿದಾಗಲೆಲ್ಲ ಅವಳ ಇಡೀ ಮೈ ಎಗರಿ ಬೀಳುತ್ತಿತ್ತು. ಕೈ ಸೋತಾಗ ದೀಪವನ್ನು ಇನ್ನೊಂದು ಕೈಗೆ ದಾಟಿಸುತ್ತಿದ್ದಳು. ಅವಳ ಕಾಲ ಕೆಳಗೆ ಹೊಸದಾಗಿ ಅಂಟಿಸಿದ ಅದೇ ಅಕ್ಷರಗಳಿದ್ದವು. ಈ ಸಲ ಅವು ನಿಜವಾಗಿ ಹೊಳೆಯುತ್ತಿದ್ದವು, ಆದರೆ ಆಗಲೇ ಕಬ್ಬಿನ ಒಣಗರಿಯ ರವದಿ ಮತ್ತು ಕೆಸರು ಮೆತ್ತಿಕೊಂಡು 'ಅಪ್ಪನ' ಎಂಬುದಷ್ಟೇ ಉಳಿದಿತ್ತು.

ನನ್ನನ್ನು ಕಂಡು ಅವಳು ನಕ್ಕಳು. ನಾನು ನಗಲಿಲ್ಲ.

ಮಣ್ಣುದಾರಿ ಒಡೆಯುವಲ್ಲಿ ಟ್ರ್ಯಾಕ್ಟರು ನಿಂತಿತು. ಅಪ್ಪ ಇಳಿದು ಬಂದು ಅವಳ ಸೈಕಲ್ಲು ಇಳಿಸಿದ, ಅವಳನ್ನೂ ಮೆಲ್ಲಗೆ ಕೈಹಿಡಿದು ಇಳಿಸಿದ. ನನಗೆ ನಮಸ್ಕಾರ ಮಾಡಿದ. ನಿಮ್ಮ ಮಾತು ಮೀರಿಲ್ಲ ಎಂಬ ಹೆಮ್ಮೆ ಮುಖದ ಮೇಲಿತ್ತು. ದೀಪ ಬೋಲ್ಟು ಹಾಕಿ ಯಾಕೆ ಬಿಗಿಯಲಿಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಬಿಗದ್ರ ಕಾರ್ಖಾನ್ಯಾಗ ಕದ್ದ ಒಯ್ತಾರ್ರಿ ಅಕ್ಕೋರ," ಎಂದ. "ನಿಮ್ದ ಸಂತ್ಯಾಗ ಹೋಗಿತ್ತಲ್ರಿ. ಮಗಳ ಕೈಯಾಗಿಂದ ಯಾರ್ ಕಸಗೋತಾರ?"

ಸಂಜೆಗೆ ಹೆಣ್ಣುಹುಡುಗಿ ಕಾಣಬಾರದು ಎಂದವನೇ ಅವನು. ಈಗ ಅವಳ ಕೈಗೆ ಕೆಂಪು ದೀಪ ಕೊಟ್ಟು, ಹಿಂದೆ ಬರುವವರೆಲ್ಲರ ಎದುರಿಗೆ ನಿಲ್ಲಿಸಿದ್ದ. ಅವಳ ಪ್ರಾಣಕ್ಕೆ ಬೆಲೆಯಿಲ್ಲ ಎಂದು ಅಲ್ಲ, ದೀಪ ಕಳವಾಗಬಾರದು ಎಂದು. ನಾನು ಬಾಯಿಗೆ ಬಂದಂತೆ ಬೈದೆ. ಒಂದು ಬೋಲ್ಟಿನ ಜಾಗಕ್ಕೆ ಹೆತ್ತ ಮಗಳನ್ನು ನಿಲ್ಲಿಸುತ್ತೀಯಲ್ಲ, ಒಂದು ಬಿರುಸು ಬ್ರೇಕು ಬಿದ್ದರೆ ಎಲ್ಲಿ ಬೀಳುತ್ತಾಳೆ ಗೊತ್ತೇ ಎಂದೆ. ಅವನು ತಲೆ ತಗ್ಗಿಸಿ ಕೇಳಿದ. ಅಕ್ಕೋರಿಗೆ ಕೈ ಮುರಿದ ಮೇಲೆ ಸಿಟ್ಟು ಹೆಚ್ಚಾಗಿದೆ ಎಂದು ತಿಳಿದುಕೊಂಡಿರಬೇಕು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಷ್ಟೇ ಬಂತು.

ಹುಡುಗಿ ನಮ್ಮಿಬ್ಬರ ನಡುವೆ ನಿಂತಿದ್ದಳು. ನನ್ನನ್ನು ಸಮಾಧಾನ ಮಾಡಬೇಕೆಂದು ಅನಿಸಿತೋ ಏನೋ. ಜಗಳವಾಗಿ ಕ್ಲಾಸು ಮತ್ತೆ ತಪ್ಪಬಾರದು ಎಂಬ ಭಯವೂ ಇದ್ದಿರಬೇಕು.

"ನನಗ ರೂಢಿ ಆಗೈತ್ರಿ ಅಕ್ಕೋರ," ಎಂದಳು.

ಹೊಲದಲ್ಲಿ ಕಬ್ಬು ಕಡಿದು ಇಟ್ಟಿದ್ದಾರೆ, ಇನ್ನೊಂದು ಖೇಪು ತುಂಬಬೇಕು, ಇಂಡಿಯ ಈಚೆಗೇ ಹೊಲ ಎಂದು ಹೇಳಿ ಅವನು ಟ್ರ್ಯಾಕ್ಟರು ಹತ್ತಿದ. ಹಾಡು ಶುರುವಾಯಿತು, ನವಿಲು ಉರಿಯಿತು. ಹುಡುಗಿ ದೀಪವನ್ನು ಆರಿಸಿ ಚೀಲದಲ್ಲಿ ಇಟ್ಟುಕೊಂಡು ಸೈಕಲ್ಲು ನೂಕುತ್ತ ಮಣ್ಣುದಾರಿಗೆ ಇಳಿದಳು. ಹುಡುಗಿ ಇಳಿದಳು, ದೀಪವೂ ಇಳಿಯಿತು. ಟ್ರೇಲರು ಕತ್ತಲಲ್ಲಿ ಮುಂದೆ ಹೋಯಿತು. ನಾನೂ ಅದೇ ರಸ್ತೆಯಲ್ಲಿ, ಅದರ ಹಿಂದೆಯೇ, ಇಂಡಿಗೆ ಹೋಗಬೇಕಿತ್ತು.